ನಡುದಾರಿಯಲ್ಲಿ ಎಂಜಿನ್ ಎಣ್ಣೆಯ ಜಾಡು

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಮಂಜು ಮುಸುಕಿದ ಗಿರಿಶ್ರೇಣಿ ನೆನಪಾಗುವುದು ಸಹಜವಾದರೂ ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಪೂರ್ವ ಭಾಗದಲ್ಲಿರುವ ಪಂಚನಹಳ್ಳಿ ಹೋಬಳಿಯು ರಾಗಿ, ತೆಂಗು ಮತ್ತು ಕೊಳವೆಬಾವಿಯ ನೀರನ್ನೇ ನೆಚ್ಚಿಕೊಂಡ ಅಡಿಕೆ ತೋಟಗಳ ಬಯಲುಸೀಮೆಯಾಗಿದ್ದು, ಇಲ್ಲಿ ಮಳೆ ಕಡಿಮೆ, ಬಿಸಿಲು ಮತ್ತು ಧೂಳು ಹೆಚ್ಚು. ಹಾಸನ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಡಿ ಇಲ್ಲಿಂದ ದೂರವಿಲ್ಲದ ಕಾರಣ ಪೂರ್ವದ ಕಡೆಯಿಂದ ಮುಳ್ಳಯ್ಯನಗಿರಿಗೋ ಬಾಬಾಬುಡನ್‌ಗಿರಿಗೋ ಕೆಮ್ಮಣ್ಣುಗುಂಡಿಗೋ ಹೊರಟ ಬೈಕ್ ಪ್ರವಾಸಿಗರು ಇಂಥ ಬಯಲನ್ನು ದಾಟಿಯೇ ಗಿರಿಯ ಬುಡವನ್ನು ಮುಟ್ಟಬೇಕು. ಕಡೂರಿನ ಬಯಲು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದರೆ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಅಂದರೆ ಕಾದ ಮೈದಾನದಲ್ಲಿ ಗಂಟೆಗಟ್ಟಲೆ ಓಡಿ ಒಳಗಿನ ಎಣ್ಣೆ ತೆಳುವಾಗಿರುವ ಎಂಜಿನ್, ಅದರ ಬೆನ್ನಿಗೇ ಇಬ್ಬರು ಸವಾರರ ಮತ್ತು ಸಾಮಾನಿನ ಭಾರ ಹೊತ್ತು ಸಣ್ಣ ಗೇರುಗಳಲ್ಲಿ ಸಾವಿರ ಮೀಟರಿಗೂ ಹೆಚ್ಚು ಎತ್ತರವನ್ನು ಏರಬೇಕಾಗುತ್ತದೆ. ಊರೊಳಗಿನ ಓಡಾಟದಲ್ಲಿ ಅಡಗಿದ್ದ ಸಣ್ಣ ಸೋರಿಕೆಯೊಂದು ಹೊರಬೀಳುವುದು ಇಂಥ ದಾರಿಯಲ್ಲಿಯೇ, ಮತ್ತು ಅದು ಮೊದಲು ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಚಹಾ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ ಹೊರಡುವ ಹೊತ್ತಿಗೆ ನೆಲದ ಮೇಲೆ ಕಾಣುವ ಕಪ್ಪು ಹನಿಗಳಾಗಿ.

ಆ ಹನಿಗಳನ್ನು ಕಂಡ ಸವಾರನ ಮುಂದೆ ಮೂರು ಪ್ರಶ್ನೆಗಳಿರುತ್ತವೆ: ಸೋರುತ್ತಿರುವುದು ಏನು, ಎಲ್ಲಿಂದ ಸೋರುತ್ತಿದೆ, ಎಷ್ಟು ವೇಗವಾಗಿ ಸೋರುತ್ತಿದೆ. ಇವುಗಳಲ್ಲಿ ಪ್ರಯಾಣ ಮುಂದುವರಿಸಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಮೂರನೆಯದು. ಆದರೆ ರೂಢಿಯಲ್ಲಿ ನಡೆಯುವುದೇ ಬೇರೆ. ಎಣ್ಣೆ ಕಂಡ ಜಾಗದಲ್ಲಿರುವ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಿಗಿಯುವುದು, ಬಿಗಿದದ್ದು ಸಾಲದೆಂದು ಇನ್ನೊಂದು ಸುತ್ತು ಒತ್ತುವುದು, ಕೊನೆಗೆ ಅಲ್ಯೂಮಿನಿಯಂ ಮೈಯಲ್ಲಿ ಕೊರೆದ ಮರೆಯೇ ಕಿತ್ತು, ಸ್ಥಳೀಯ ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ‘ತ್ರೆಡ್ ಹೋಗಿ’, ಹನಿಯುತ್ತಿದ್ದುದು ಧಾರೆಯಾಗುವುದು ಅಪರೂಪವೇನಲ್ಲ. ಎಣ್ಣೆ ಕಾಣಿಸಿಕೊಳ್ಳುವ ಜಾಗಕ್ಕೂ ಅದು ಹೊರಬೀಳುವ ಜಾಗಕ್ಕೂ ಒಂದು ಅಡಿಯಷ್ಟು ಅಂತರವಿರುವುದು ಸಾಮಾನ್ಯ ಸಂಗತಿಯಾದುದರಿಂದ, ಪರೀಕ್ಷೆಗೆ ಮುನ್ನ ದುರಸ್ತಿಗೆ ಕೈಹಾಕುವವನು ಬಹಳ ಸಲ ನಿರ್ದೋಷಿಯಾದ ಬೋಲ್ಟನ್ನೇ ಶಿಕ್ಷಿಸುತ್ತಾನೆ.

ಬೈಕಿನ ಎಂಜಿನ್ ಎಣ್ಣೆಗೆ ಕಾರಿನ ಎಣ್ಣೆಗಿಂತ ಹೆಚ್ಚಿನ ಕೆಲಸವಿದೆ. ಇಂದಿನ ಬಹುಪಾಲು ನಾಲ್ಕು ಸ್ಟ್ರೋಕ್ ಬೈಕುಗಳಲ್ಲಿ ಪಿಸ್ಟನ್ ಮತ್ತು ಕ್ರ್ಯಾಂಕ್‌ಗಳನ್ನು ನೆನೆಸುವ ಎಣ್ಣೆಯೇ ಗೇರ್‌ಬಾಕ್ಸಿನ ಹಲ್ಲುಗಳನ್ನೂ ಕ್ಲಚ್ ಪ್ಲೇಟುಗಳನ್ನೂ ನೆನೆಸುತ್ತದೆ, ಜೊತೆಗೆ ಎಂಜಿನ್ನಿನ ಶಾಖವನ್ನು ಹೊತ್ತು ಹೊರಮೈಗೆ ತಂದು ಬಿಡುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ಎಣ್ಣೆಯ ಪ್ರಮಾಣ ಸಣ್ಣ ಬೈಕುಗಳಲ್ಲಿ ಸುಮಾರು 1 ಲೀಟರ್, ದೂರ ಪ್ರವಾಸದ ದೊಡ್ಡ ಬೈಕುಗಳಲ್ಲಿ ಸಾಮಾನ್ಯವಾಗಿ 2ರಿಂದ 4 ಲೀಟರ್ ಮಾತ್ರ. ಹೀಗಾಗಿ ಅರ್ಧ ಲೀಟರ್ ನಷ್ಟವೆಂದರೆ ಕೆಲವು ಬೈಕುಗಳಲ್ಲಿ ಕಾಲು ಭಾಗದ ನಷ್ಟ. ಎಣ್ಣೆಯ ಹಾದಿಯಲ್ಲೂ ಎರಡು ಬಗೆಯಿದೆ. ಪಂಪು ಒತ್ತಡದಿಂದ ತಳ್ಳುವ ಹಾದಿ ಒಂದು. ಆಯಿಲ್ ಫಿಲ್ಟರ್, ಆಯಿಲ್ ಕೂಲರಿನ ಕೊಳವೆಗಳು, ಹೆಡ್ಡಿಗೆ ಏರುವ ಸಣ್ಣ ಪೈಪು, ಒತ್ತಡ ಸೂಚಿಸುವ ಸ್ವಿಚ್ ಇವು ಈ ಹಾದಿಯಲ್ಲಿವೆ. ಒತ್ತಡವಿಲ್ಲದೆ ಚಿಮ್ಮಿ, ಇಳಿದು, ತಳದಲ್ಲಿ ನಿಲ್ಲುವ ಹಾದಿ ಇನ್ನೊಂದು. ಟ್ಯಾಪೆಟ್ ಕವರ್, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಡ್ರೈನ್ ಬೋಲ್ಟುಗಳು ಇದಕ್ಕೆ ಸೇರಿದವು. ಒತ್ತಡದ ಹಾದಿಯಲ್ಲಿ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಎಣ್ಣೆ ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಬರಿದಾಗಬಲ್ಲದು, ನಿಲ್ಲಿಸಿದೊಡನೆ ಸೋರಿಕೆಯೂ ನಿಂತು ನೋಡುವವನನ್ನು ದಾರಿ ತಪ್ಪಿಸಬಲ್ಲದು. ಎರಡನೆಯ ಹಾದಿಯ ಸೋರಿಕೆ ಬಹುಪಾಲು ನಿಧಾನದ್ದು. ಅದು ಜಿನುಗುತ್ತದೆ, ಧೂಳು ಹಿಡಿಯುತ್ತದೆ, ತಿಂಗಳುಗಟ್ಟಲೆ ಹಾಗೆಯೇ ಇರಲೂಬಹುದು.

ಕೆಳಗೆ ಬಿದ್ದಿರುವುದು ಎಂಜಿನ್ ಎಣ್ಣೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬಿಳಿ ಕಾಗದದ ತುಂಡನ್ನು ಹನಿಗೆ ಒತ್ತಿದರೆ ಎಣ್ಣೆಯು ಒಣಗದೆ ಕಾಗದವನ್ನು ಅರೆಪಾರದರ್ಶಕ ಮಾಡುತ್ತದೆ, ಹೊಸದಾಗಿದ್ದರೆ ಜೇನಿನ ಬಣ್ಣಕ್ಕೂ ಹಳತಾಗಿದ್ದರೆ ಕಪ್ಪಿಗೂ ತಿರುಗಿರುತ್ತದೆ, ಸುಟ್ಟ ವಾಸನೆ ಇರುತ್ತದೆ. ನೀರಿನಿಂದ ತಂಪಾಗುವ ಎಂಜಿನ್ನುಗಳಲ್ಲಿ ಬಳಸುವ ಕೂಲೆಂಟ್ ದ್ರವವು ಹಸಿರು, ಕೆಂಪು ಅಥವಾ ನೀಲಿ ಬಣ್ಣದ್ದಾಗಿ ಸಿಹಿಯಾದ ವಾಸನೆ ಬೀರುತ್ತದೆ. ಬ್ರೇಕ್ ದ್ರವ ಎಣ್ಣೆಯಂತೆ ಜಾರಿದರೂ ನೀರು ಹಾಕಿ ಉಜ್ಜಿದರೆ ಕರಗಿ ಹೋಗುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ಕಿತ್ತುಹಾಕುತ್ತದೆ. ಅದು ಸೋರುತ್ತಿದ್ದರೆ ಎಣ್ಣೆಯ ಚರ್ಚೆಯನ್ನು ಬದಿಗಿಟ್ಟು ಬೈಕನ್ನು ಅಲ್ಲಿಯೇ ನಿಲ್ಲಿಸಬೇಕು. ಮುಂದಿನ ಫೋರ್ಕಿನ ಕಾಲಿನಲ್ಲಿ ಉಂಗುರದಂತೆ ಕಟ್ಟಿಕೊಂಡ ಎಣ್ಣೆ ಫೋರ್ಕಿನ ಸೀಲಿನದು. ಹಿಂದಿನ ರಿಮ್ಮಿನ ಮೇಲೆ ಗೆರೆಗೆರೆಯಾಗಿ ಸಿಡಿದ ಅಂಟು ಕಪ್ಪು ಬಹುಪಾಲು ಸರಪಳಿಗೆ ಹಚ್ಚಿದ ಲ್ಯೂಬ್. ಇದನ್ನು ಎಂಜಿನ್ ಸೋರಿಕೆಯೆಂದು ಹೆದರಿ ಪ್ರವಾಸವನ್ನೇ ಕೈಬಿಟ್ಟವರಿದ್ದಾರೆಂದರೆ ಆಶ್ಚರ್ಯವಿಲ್ಲ.

ಕರ್ನಾಟಕದ ರಸ್ತೆಗಳಲ್ಲಿ ಇಂದಿಗೂ ಪ್ರೀತಿಯಿಂದ ಓಡಿಸಲಾಗುವ ಎರಡು ಹಳೆಯ ಬೈಕುಗಳ ವಿಷಯದಲ್ಲಿ ಈ ‘ಯಾವ ಎಣ್ಣೆ’ ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಮೈಸೂರಿನಲ್ಲಿ 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ, 1996ರಲ್ಲಿ ಬಾಗಿಲು ಮುಚ್ಚುವವರೆಗೂ ತಯಾರಿಸಿದ ಬೈಕುಗಳು ಎರಡು ಸ್ಟ್ರೋಕಿನವು. ಇವುಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವುದರಿಂದ ತಳದಲ್ಲಿ ನಿಂತಿರುವುದು ಗೇರ್ ಮತ್ತು ಕ್ಲಚ್‌ಗಳ ಎಣ್ಣೆ ಮಾತ್ರ. ಸೈಲೆನ್ಸರ್ ಕೂಡುವ ಜಾಗದಲ್ಲಿ ಒಸರುವ ಕಪ್ಪು ಜಿಡ್ಡು ಬೆಂಕಿಗೆ ಸಿಗದೆ ಉಳಿದ 2ಟಿ ಎಣ್ಣೆಯಾಗಿದ್ದು, ಅದನ್ನು ಗೇರ್‌ಬಾಕ್ಸಿನ ಸೋರಿಕೆಯೆಂದು ಭಾವಿಸಬೇಕಿಲ್ಲ. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಸನ್ನೆಯಲ್ಲಿ ಇರುವ ಈ ಬೈಕುಗಳ ವಿಶಿಷ್ಟ ರಚನೆಯಲ್ಲಿ ಆ ದಂಡ ಹೊರಬರುವ ಎಡಬದಿಯ ತೂತು ಮಾತ್ರ ನಿಜವಾದ ಸೋರಿಕೆಯ ಜಾಗಗಳಲ್ಲಿ ಒಂದು. ಇನ್ನೊಂದು ಬಗೆಯ ಸೋರಿಕೆ ಹನಿಯುವುದೇ ಇಲ್ಲ: ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಸವೆದರೆ ಪಿಸ್ಟನ್ ಮೇಲೇರುವಾಗಿನ ಸೆಳೆತಕ್ಕೆ ಗೇರ್ ಎಣ್ಣೆ ಒಳಗೆ ಹೀರಲ್ಪಟ್ಟು ಉರಿಯುತ್ತದೆ, ನೆಲ ಒಣಗಿಯೇ ಇರುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಎಣ್ಣೆಯ ಮಟ್ಟ ಮಾತ್ರ ಇಳಿಯುತ್ತಾ ಹೋಗುತ್ತದೆ.

ಮದ್ರಾಸಿನಲ್ಲಿ 1955ರಿಂದ ತಯಾರಾಗತೊಡಗಿದ ಬುಲೆಟ್‌ನ ಬೀಡುಕಬ್ಬಿಣದ ಬ್ಲಾಕಿನ ಹಳೆಯ ಎಂಜಿನ್ನಿನಲ್ಲಿ ಕಥೆ ಬೇರೆ. ಅದರಲ್ಲಿ ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು, ಪ್ರೈಮರಿ ಸರಪಳಿ ಹಾಗೂ ಕ್ಲಚ್ಚಿನ ಪೆಟ್ಟಿಗೆಗೊಂದು ಎಂದು ಮೂರು ಪ್ರತ್ಯೇಕ ಕೋಣೆಗಳಿವೆ. ಎಡಬದಿಯ ಪೆಟ್ಟಿಗೆಯ ಮುಚ್ಚಳ ನಡುವಿನ ಒಂದೇ ನಟ್ಟು ಮತ್ತು ಸುತ್ತಲಿನ ರಬ್ಬರ್ ಪಟ್ಟಿಯನ್ನು ನಂಬಿ ನಿಂತಿರುವುದರಿಂದ ಅದರ ಅಡಿಯಂಚಿನಲ್ಲಿ ಹನಿ ಕಾಣುವುದು ಹೆಚ್ಚು. ಅಲ್ಲಿ ಸೋರಿದರೆ ಕ್ಲಚ್ ಮತ್ತು ಸರಪಳಿಗೆ ತೊಂದರೆಯೇ ಹೊರತು ಪಿಸ್ಟನ್ನಿಗೆ ಅಪಾಯವಿಲ್ಲ. ಇದೇ ಎಂಜಿನ್ನಿನಲ್ಲಿ ಎಣ್ಣೆಯು ಕ್ರ್ಯಾಂಕಿನ ಕೆಳಗೆ ನಿಲ್ಲದೆ ಹಿಂಬದಿಯ ಬೇರೊಂದು ಕೋಣೆಯಲ್ಲಿ ನಿಲ್ಲುತ್ತದೆ. ಒಂದು ಪಂಪು ಅಲ್ಲಿಂದ ಎಣ್ಣೆ ಕಳಿಸಿದರೆ ಇನ್ನೊಂದು ಪಂಪು ಅದನ್ನು ಮರಳಿ ತರುತ್ತದೆ. ಬೈಕ್ ಬಹಳ ದಿನ ನಿಂತಿದ್ದಾಗ ಆ ಎಣ್ಣೆ ನಿಧಾನವಾಗಿ ಕ್ರ್ಯಾಂಕ್ ಇರುವ ಕೋಣೆಗೆ ಇಳಿದುಬಿಡುತ್ತದೆ. ಆಗ ಎಣ್ಣೆ ಅಳೆಯುವ ಕಡ್ಡಿ ಮಟ್ಟ ಕಡಿಮೆಯೆಂದು ತೋರಿಸುತ್ತದೆ, ಸವಾರ ಅರ್ಧ ಲೀಟರ್ ಸುರಿಯುತ್ತಾನೆ, ಎಂಜಿನ್ ಶುರುವಾದೊಡನೆ ಇಳಿದಿದ್ದ ಎಣ್ಣೆಯೆಲ್ಲ ಮರಳಿ ಬಂದು ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಹೊರಚೆಲ್ಲುತ್ತದೆ, ಅದನ್ನು ಕಂಡು ಎಂಜಿನ್ ಸೋರುತ್ತಿದೆಯೆಂಬ ನಿರ್ಣಯಕ್ಕೆ ಬರಲಾಗುತ್ತದೆ. ಇಂಥ ಬೈಕಿನಲ್ಲಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಅಳೆದ ಮಟ್ಟವೇ ನಿಜವಾದ ಮಟ್ಟ.

ಎಂಜಿನ್ ಎಣ್ಣೆಯೇ ಎಂದು ಖಚಿತವಾದ ಮೇಲೆ ಅದರ ಮೂಲವನ್ನು ಹುಡುಕಬೇಕು. ಚಲಿಸುವ ಬೈಕಿನಲ್ಲಿ ಎಣ್ಣೆಯನ್ನು ಎರಡು ಬಲಗಳು ಒಯ್ಯುತ್ತವೆ. ಭೂಮಿಯ ಸೆಳೆತ ಕೆಳಕ್ಕೂ ಎದುರುಗಾಳಿ ಹಿಂದಕ್ಕೂ ಎಳೆಯುತ್ತದೆ. ಆದ್ದರಿಂದ ಒದ್ದೆಯಾದ ಭಾಗದಲ್ಲಿ ಅತ್ಯಂತ ಮೇಲಿನ, ಅತ್ಯಂತ ಮುಂದಿನ ಬಿಂದುವಿನ ಹತ್ತಿರವೇ ಮೂಲವಿರುವ ಸಂಭವ ಹೆಚ್ಚು. ಪಂಚನಹಳ್ಳಿಯಂಥ ಬಯಲಿನ ಧೂಳು ಈ ಹುಡುಕಾಟದಲ್ಲಿ ಸವಾರನಿಗೆ ನೆರವಾಗುತ್ತದೆ. ಒಣಗಿದ ಲೋಹದ ಮೇಲೆ ಕೂತ ಧೂಳು ಬಟ್ಟೆ ಸೋಕಿದರೆ ಉದುರುತ್ತದೆ, ಎಣ್ಣೆ ಹರಿದ ದಾರಿಯಲ್ಲಿ ಮಾತ್ರ ಅದು ಕಪ್ಪಾಗಿ ಮೆತ್ತಿಕೊಂಡು ಗೆರೆ ಎಳೆದಂತೆ ಉಳಿಯುತ್ತದೆ. ಬೈಕನ್ನು ತೊಳೆಯುವ ಮುಂಚೆ ಈ ಗೆರೆಗಳನ್ನು ಎರಡೂ ಬದಿಯಿಂದ, ಕೆಳಗಿನಿಂದ ಸಹ, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ಹಳೆಯ ಜಿನುಗು ದಪ್ಪ ಮಣ್ಣಿನ ಪದರವಾಗಿಯೂ ಹೊಸ ಸೋರಿಕೆ ಮಣ್ಣನ್ನು ತೊಳೆದ ಹೊಳೆಯುವ ಪಟ್ಟಿಯಾಗಿಯೂ ಚಿತ್ರದಲ್ಲಿ ಎದ್ದು ಕಾಣುತ್ತವೆ. ಸಾಹಸ ಪ್ರವಾಸದ ಬೈಕುಗಳ ತಳಕ್ಕೆ ಕಟ್ಟಿದ ರಕ್ಷಣಾ ತಗಡಿನ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಮೇಲಿಂದ ಬಿದ್ದ ಎಣ್ಣೆ ಆ ತಟ್ಟೆಯಲ್ಲಿ ನಿಂತು ಅದರ ಯಾವುದೋ ತೂತಿನಿಂದ ಕೆಳಗಿಳಿಯುವುದರಿಂದ ನೆಲದ ಮೇಲಿನ ಹನಿಯ ಜಾಗಕ್ಕೆ ಯಾವ ಅರ್ಥವೂ ಇರುವುದಿಲ್ಲ.

ಮುಂದಿನ ಹಂತ ತೊಳೆದು ಒರೆಸಿ ಕಾಯುವುದು. ಎಂಜಿನ್ ಆರಿದ ಮೇಲೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್ ಮತ್ತು ಬಟ್ಟೆಚೂರು ಸಾಕು. ಕಾದ ಎಂಜಿನ್ ಮೇಲೆ ಪೆಟ್ರೋಲ್ ಹಾಕಿ ತೊಳೆಯುವುದು ಬೆಂಕಿಯನ್ನು ಕರೆದಂತೆ. ಒಣಗಿದ ಮೈಗೆ ಯಾವುದೇ ಕಿರಾಣಿ ಅಂಗಡಿಯಲ್ಲಿ ಸಿಗುವ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ತೆಳುವಾಗಿ ಉದುರಿಸಿ, ಎಂಜಿನ್ನನ್ನು ನಿಂತಲ್ಲಿಯೇ ಐದು ನಿಮಿಷ ಓಡಿಸಿ, ಏನೂ ಕಾಣದಿದ್ದರೆ ಒಂದೆರಡು ಕಿಲೋಮೀಟರ್ ನಿಧಾನವಾಗಿ ಸಾಗಿ ಬಂದು ನೋಡಿದರೆ, ಬಿಳಿ ಪುಡಿಯ ಮೇಲೆ ಎಣ್ಣೆ ಮೊದಲು ಮೂಡಿದ ಚುಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಈ ಉಪಾಯಕ್ಕೆ ಗೌರವದ ಇತಿಹಾಸವಿದೆ. ಉಗಿಬಂಡಿಗಳ ಕಾಲದಲ್ಲಿ ರೈಲ್ವೆ ಕಾರ್ಯಾಗಾರಗಳು ಅಚ್ಚು ಮತ್ತು ದಂಡಗಳಲ್ಲಿನ ಕಣ್ಣಿಗೆ ಕಾಣದ ಬಿರುಕನ್ನು ಪತ್ತೆಮಾಡಲು ಭಾಗವನ್ನು ತೆಳು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದಂಥ ಬಿಳಿ ಲೇಪ ಬಳಿದು, ಬಿರುಕಿನೊಳಗಿಂದ ಒಸರಿದ ಎಣ್ಣೆಯ ಕಲೆಯನ್ನು ಓದುತ್ತಿದ್ದವು. ಇಂದು ವಿಮಾನದ ಭಾಗಗಳ ಪರೀಕ್ಷೆಯಲ್ಲಿ ಬಳಸುವ ಬಣ್ಣದ್ರವದ ವಿಧಾನ ಅದರದೇ ಬೆಳವಣಿಗೆ. ಕಡೂರು, ಬೀರೂರುಗಳಂಥ ರೈಲಿನ ಊರುಗಳಿರುವ ತಾಲ್ಲೂಕಿನಲ್ಲಿ ಈ ಸಂಗತಿಯನ್ನು ನೆನೆಯುವುದು ಉಚಿತವೇ ಆಗಿದೆ.

ಎಣ್ಣೆ ಹೊರಬೀಳುವ ಜಾಗಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇತ್ತೀಚೆಗೆ ಯಾರಾದರೂ ಬಿಚ್ಚಿ ಮುಚ್ಚಿದ ಜಾಗವನ್ನು. ದೂರ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ಎಣ್ಣೆ ಬದಲಿಸುವುದು ರೂಢಿಯಾದುದರಿಂದ, ಮಾರನೆಯ ದಿನ ಕಾಣುವ ಸೋರಿಕೆಗೆ ಡ್ರೈನ್ ಬೋಲ್ಟ್ ಅಥವಾ ಫಿಲ್ಟರಿನ ಮುಚ್ಚಳ ಕಾರಣವಾಗಿರುವ ಸಂಭವ ಬಹಳ. ಡ್ರೈನ್ ಬೋಲ್ಟಿನ ಕೆಳಗಿರುವ ತಾಮ್ರದ ಅಥವಾ ಅಲ್ಯೂಮಿನಿಯಂನ ವಾಷರ್ ಒತ್ತಡಕ್ಕೆ ಚಪ್ಪಟೆಯಾಗಿ ಎರಡು ಲೋಹಗಳ ನಡುವಿನ ಸಂದನ್ನು ತುಂಬುವ ಭಾಗವಾಗಿದ್ದು, ಒಮ್ಮೆ ಒತ್ತಿದ ಮೇಲೆ ಗಡಸಾಗಿಬಿಡುತ್ತದೆ. ಅದನ್ನೇ ಮತ್ತೆ ಹಾಕಿದಾಗ ಜಿನುಗುತ್ತದೆ. ತಾಮ್ರದ್ದಾದರೆ ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ವಾಷರನ್ನು ಹೀಗೆ ಕಾಯಿಸಲು ಹೋಗಬಾರದು. ಫಿಲ್ಟರಿನ ಮುಚ್ಚಳದ ಒಳಗಿರುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ತಿರುಚಿ ಕೂತಿದ್ದರೆ ಅಥವಾ ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸಿದ್ದರೆ ಒತ್ತಡದ ಎಣ್ಣೆ ಹೊರಚಿಮ್ಮುತ್ತದೆ.

ಬಿಚ್ಚದೆಯೇ ಸೋರುವ ಜಾಗಗಳಲ್ಲಿ ಪ್ರವಾಸದ ಬೈಕುಗಳಿಗೆ ವಿಶೇಷವಾದದ್ದು ಮುಂದಿನ ಸ್ಪ್ರಾಕೆಟಿನ ಹಿಂದಿರುವ ಆಯಿಲ್ ಸೀಲ್. ತಿರುಗುವ ದಂಡ ಎಂಜಿನ್ನಿನಿಂದ ಹೊರಬರುವಲ್ಲಿ ಎಣ್ಣೆಯನ್ನು ತಡೆಯುವ ರಬ್ಬರಿನ ತುಟಿಯೇ ಆಯಿಲ್ ಸೀಲ್. ಅದರ ಹಿಂದೆ ತೆಳುವಾದ ಸ್ಪ್ರಿಂಗ್ ಬಳೆಯೊಂದು ತುಟಿಯನ್ನು ದಂಡಕ್ಕೆ ಒತ್ತಿ ಹಿಡಿದಿರುತ್ತದೆ. ಒಬ್ಬರೇ ಕೂತಾಗ ಸರಿಯಾಗಿ ಕಾಣುವಂತೆ ಬಿಗಿದ ಸರಪಳಿ, ಹಿಂದೆ ಇನ್ನೊಬ್ಬರು ಮತ್ತು ಎರಡು ಚೀಲಗಳು ಸೇರಿ ಹಿಂದಿನ ಶಾಕ್ ಕುಗ್ಗಿದಾಗ ಇನ್ನಷ್ಟು ಬಿಗಿಯಾಗಿ, ಆ ದಂಡವನ್ನು ಪ್ರತಿ ಉಬ್ಬಿಗೂ ಹಿಂದಕ್ಕೆ ಜಗ್ಗುತ್ತದೆ. ಬೇರಿಂಗ್ ಸಡಿಲವಾಗುತ್ತದೆ, ಸೀಲಿನ ತುಟಿ ಒಂದು ಬದಿಗೆ ಸವೆಯುತ್ತದೆ, ಸರಪಳಿಯ ಜಿಡ್ಡಿನೊಡನೆ ಸೇರಿದ ಮರಳು ಅದನ್ನು ಉಜ್ಜುತ್ತದೆ. ಇಲ್ಲಿ ಸೋರುವ ಎಣ್ಣೆಯನ್ನು ಸರಪಳಿಯ ಲ್ಯೂಬ್ ಎಂದು ಕಡೆಗಣಿಸುವುದು ಸುಲಭ, ಆದರೆ ಇದು ಹಿಂದಿನ ಟೈರಿಗೆ ತೀರ ಹತ್ತಿರವಿರುವ ಕಾರಣ ಎಲ್ಲ ಸೋರಿಕೆಗಳಲ್ಲಿ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ. ಗೇರ್ ಸನ್ನೆಯ ದಂಡದ ಸೀಲ್ ಕೂಡ ಅಲ್ಲೇ ಕೆಳಗಿರುವುದರಿಂದ ಎರಡನ್ನೂ ಪುಡಿ ಉದುರಿಸಿಯೇ ಬೇರ್ಪಡಿಸಬೇಕು.

ಹೆಡ್ ಮತ್ತು ಕವರುಗಳ ‘ಪ್ಯಾಕಿಂಗ್’ ಸೋರುವುದಕ್ಕೆ ಲೋಹಗಳ ಸ್ವಭಾವವೇ ಒಂದು ಕಾರಣ. ಅಲ್ಯೂಮಿನಿಯಂ ಶಾಖಕ್ಕೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಎಂಜಿನ್ ಕಾದು ಆರಿದಾಗಲೆಲ್ಲ ಉಕ್ಕಿನ ಬೋಲ್ಟು ಹಿಡಿದ ಅಲ್ಯೂಮಿನಿಯಂ ಕವರ್ ನಡುವಿನ ಕಾಗದದ ಪ್ಯಾಕಿಂಗನ್ನು ಒತ್ತಿ ಬಿಡುತ್ತಾ, ವರ್ಷಗಳು ಕಳೆದಂತೆ ಅದನ್ನು ತೆಳುವಾಗಿಸುತ್ತದೆ. ನೀರಿನಿಂದ ತಂಪಾಗುವ ಇತ್ತೀಚಿನ ಬೈಕುಗಳಲ್ಲಿ, ಉದಾಹರಣೆಗೆ 2018ರಲ್ಲಿ ಮರಳಿ ಬಂದ ಜಾವಾ ಅಥವಾ 2023ರಲ್ಲಿ ಬಂದ ಹಿಮಾಲಯನ್ 450ರಂಥವುಗಳಲ್ಲಿ, ನೀರಿನ ಪಂಪೂ ಒಂದು ಸಾಧ್ಯ ಮೂಲ. ಇಂಥ ಪಂಪುಗಳಲ್ಲಿ ನೀರಿನ ಸೀಲಿಗೂ ಎಣ್ಣೆಯ ಸೀಲಿಗೂ ನಡುವೆ ಬೇಕೆಂದೇ ಒಂದು ಸಣ್ಣ ತೂತು ಬಿಟ್ಟಿರುವುದು ವಾಡಿಕೆ. ಆ ತೂತಿನಿಂದ ಕೂಲೆಂಟ್ ಬಂದರೆ ನೀರಿನ ಸೀಲ್, ಎಣ್ಣೆ ಬಂದರೆ ಎಣ್ಣೆಯ ಸೀಲ್ ಸೋತಿದೆಯೆಂದು ತಿಳಿಯಬೇಕು. ಆ ತೂತನ್ನು ಎಂ-ಸೀಲ್ ಪುಟ್ಟಿ ಹಚ್ಚಿ ಮುಚ್ಚಿದರೆ ಎರಡು ದ್ರವಗಳೂ ಒಳಗೇ ಬೆರೆತು ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅಂಥ ಎಣ್ಣೆಗೆ ಬೇರಿಂಗುಗಳನ್ನು ಕಾಯುವ ಶಕ್ತಿ ಉಳಿಯುವುದಿಲ್ಲ.

ಎಲ್ಲ ಸೀಲುಗಳೂ ಚೆನ್ನಾಗಿದ್ದು ಎಣ್ಣೆ ಹೊರಬರುವುದೂ ಉಂಟು. ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲ ಎಂಜಿನ್ನಿನ ತಳದಲ್ಲಿ ಒತ್ತಡ ಹುಟ್ಟಿಸದಂತೆ ಬ್ರೀದರ್ ಪೈಪು ಅದನ್ನು ಏರ್ ಫಿಲ್ಟರಿನ ಪೆಟ್ಟಿಗೆಗೋ ಹೊರಗೋ ಬಿಡುತ್ತದೆ. ಸಾಮಾನಿನ ಚೀಲ ಕಟ್ಟುವಾಗ ಆ ಪೈಪು ಮಡಿಸಿಹೋದರೆ, ಅಥವಾ ಬಹಳ ದಿನ ನಿಂತ ಬೈಕಿನ ಪೈಪಿನ ಬಾಯಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದರೆ, ಹೋಗಲು ದಾರಿಯಿಲ್ಲದ ಒತ್ತಡ ಅತ್ಯಂತ ದುರ್ಬಲವಾದ ಸೀಲನ್ನು ಹುಡುಕಿಕೊಂಡು ಎಣ್ಣೆಯನ್ನು ಹೊರತಳ್ಳುತ್ತದೆ. ಎಣ್ಣೆಯನ್ನು ಅಳತೆ ಮೀರಿ ತುಂಬಿದಾಗಲೂ ಪರಿಣಾಮ ಇಂಥದೇ. ಸೀಲ್ ಬದಲಿಸಿದ ವಾರದಲ್ಲೇ ಅದೇ ಜಾಗ ಮತ್ತೆ ಸೋರಿದರೆ ಸೀಲಿನ ಗುಣಮಟ್ಟವನ್ನು ದೂರುವ ಮುನ್ನ ಈ ಪೈಪನ್ನೂ ಮಟ್ಟವನ್ನೂ ನೋಡಬೇಕು, ಅವೆರಡೂ ಸರಿಯಿದ್ದರೆ ರಿಂಗುಗಳ ಸವೆತವನ್ನು ಅನುಮಾನಿಸಬೇಕು.

ಇನ್ನು ಮೂರನೆಯ, ನಿರ್ಣಾಯಕವಾದ ಪ್ರಶ್ನೆ. ಎಂಜಿನ್ ಎಣ್ಣೆಯ ಒಂದು ಮಿಲಿಲೀಟರಿನಲ್ಲಿ ಸುಮಾರು 20ರಿಂದ 30 ಹನಿಗಳಿರುತ್ತವೆಂದು ಇಟ್ಟುಕೊಂಡರೆ, ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದಾಗ ಗಂಟೆಗೆ 12ರಿಂದ 18 ಮಿಲಿಲೀಟರ್ ನಷ್ಟವಾಗುತ್ತದೆ. ಸೆಕೆಂಡಿಗೊಂದು ಹನಿ ಬಿದ್ದರೆ ನಷ್ಟ ಗಂಟೆಗೆ 120ರಿಂದ 180 ಮಿಲಿಲೀಟರ್. ಮೊದಲನೆಯದರೊಡನೆ ಎಣ್ಣೆಯ ಡಬ್ಬಿ ಜೊತೆಗಿಟ್ಟುಕೊಂಡು ಕಡೂರಿನವರೆಗೆ, ಅಗತ್ಯವಿದ್ದರೆ ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಚಿಕ್ಕಮಗಳೂರಿನವರೆಗೆ ಸಾಗಬಹುದು. ಎರಡನೆಯದರೊಡನೆ ಮುಂದುವರಿಯುವುದು ವಿವೇಕವಲ್ಲ, ಏಕೆಂದರೆ ನಿಂತಾಗ ಅಷ್ಟು ಬೀಳುವ ಎಣ್ಣೆ ಓಡುವಾಗ ಎಷ್ಟು ಬೀಳುತ್ತದೆಂದು ಹೇಳಲಾಗದು. ಹನಿಗಳ ಲೆಕ್ಕಕ್ಕಿಂತ ನಂಬಲರ್ಹವಾದದ್ದು ಮಟ್ಟದ ಅಳತೆ. ಕಾದ ಎಂಜಿನ್ನನ್ನು ನಿಲ್ಲಿಸಿ ಐದಾರು ನಿಮಿಷ ಬಿಟ್ಟು, ಸಮತಟ್ಟಾದ ನೆಲದಲ್ಲಿ ಬೈಕನ್ನು ನೇರವಾಗಿ ಹಿಡಿದು, ಕಿಟಕಿಯಂತಿರುವ ಗಾಜಿನಲ್ಲೋ ಕಡ್ಡಿಯಲ್ಲೋ ಮಟ್ಟ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಂತ ಬೈಕಿನ ಅಳತೆ ಸುಳ್ಳು. ಕಡ್ಡಿಯನ್ನು ತಿರುಗಿಸಿ ಬಿಗಿದು ಅಳೆಯಬೇಕೋ ಸುಮ್ಮನೆ ಇಳಿಬಿಟ್ಟು ಅಳೆಯಬೇಕೋ ಎಂಬುದು ಬೈಕಿನಿಂದ ಬೈಕಿಗೆ ಬೇರೆಯಾದುದರಿಂದ ಕೈಪಿಡಿಯ ಆ ಒಂದು ಪುಟವನ್ನು ಮೊದಲೇ ಓದಿಕೊಂಡಿರುವುದು ಒಳ್ಳೆಯದು. ಇಪ್ಪತ್ತು ಕಿಲೋಮೀಟರ್ ಸಾಗಿ ಮತ್ತೆ ಅಳೆದಾಗ ಮಟ್ಟ ಕದಲದಿದ್ದರೆ, ಮೈಯೆಲ್ಲ ಎಣ್ಣೆ ಮೆತ್ತಿದಂತೆ ಕಂಡರೂ ಗಾಬರಿಯಾಗಬೇಕಿಲ್ಲ. ಒಂದು ಚಮಚ ಎಣ್ಣೆ ಗಾಳಿಗೆ ಹರಡಿ ಎಂಜಿನ್ನಿನ ಅರ್ಧ ಮೈಯನ್ನು ಒದ್ದೆ ಮಾಡಬಲ್ಲದು.

ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಕೆಲವು ಸಂದರ್ಭಗಳಲ್ಲಿ ಅಲ್ಲಿಯೇ ನಿಲ್ಲಬೇಕು. ಎಣ್ಣೆ ಹಿಂದಿನ ಟೈರಿನ ಮೇಲೋ ಬ್ರೇಕಿನ ಡಿಸ್ಕಿನ ಮೇಲೋ ಬೀಳುತ್ತಿದ್ದರೆ, ಒತ್ತಡದ ಕೆಂಪು ದೀಪ ಹೊತ್ತಿದರೆ, ಹೆಡ್ಡಿನಿಂದ ಕಟಕಟ ಸದ್ದು ಕೇಳಿದರೆ, ಕಲ್ಲು ಬಡಿದು ತಳದ ಚೇಂಬರಿನಲ್ಲಿ ಬಿರುಕು ಕಂಡರೆ ಎಂಜಿನ್ನನ್ನು ಮತ್ತೆ ಶುರು ಮಾಡಬಾರದು. ಆ ಕೆಂಪು ದೀಪ ಎಣ್ಣೆ ಕಡಿಮೆಯಾಗುತ್ತಿದೆಯೆಂದು ಮುನ್ಸೂಚನೆ ಕೊಡುವುದಿಲ್ಲ. ಒತ್ತಡ ಬಿದ್ದುಹೋದ ಮೇಲೆಯೇ ಅದು ಹೊತ್ತುತ್ತದೆ, ಎಷ್ಟೋ ಬೈಕುಗಳಲ್ಲಿ ಅದು ಇರುವುದೇ ಇಲ್ಲ. ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದು ಹೊಗೆಯಾಡುತ್ತಿದ್ದರೆ ಒಣಹುಲ್ಲಿನ ಮೇಲೆ ಬೈಕ್ ನಿಲ್ಲಿಸಬಾರದು. ಎಣ್ಣೆ ತಗುಲಿದ ಟೈರನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿದ ಮೇಲಷ್ಟೇ, ಅದೂ ಸೋರಿಕೆ ನಿಂತಿದೆಯೆಂದು ಖಾತ್ರಿಯಾದ ಮೇಲೆ, ಓಡಿಸಬೇಕು.

ತಾತ್ಕಾಲಿಕ ದುರಸ್ತಿಗೆ ಹೋಬಳಿ ಕೇಂದ್ರಗಳು ಪಟ್ಟಣದವರು ಭಾವಿಸುವುದಕ್ಕಿಂತ ಹೆಚ್ಚು ಸಮರ್ಥವಾಗಿವೆ. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳು ಇಂಥ ಊರುಗಳಲ್ಲಿರುತ್ತವೆ. ತಾಮ್ರದ ವಾಷರ್, ಓ-ರಿಂಗ್, ಪ್ಯಾಕಿಂಗ್ ಹಾಳೆ, ಟ್ಯೂಬಿನಲ್ಲಿ ಬರುವ ಸಿಲಿಕಾನ್ ಅಂಟು ಆ ಅಂಗಡಿಗಳ ನಿತ್ಯದ ಸಾಮಾನು. ಹಾಳೆಯನ್ನು ಕವರಿನ ಅಂಚಿಗಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಅದೇ ಆಕಾರಕ್ಕೆ ಪ್ಯಾಕಿಂಗ್ ಕತ್ತರಿಸುವ ಕೌಶಲ ನಿಜಕ್ಕೂ ಮೆಚ್ಚುವಂಥದು. ಕ್ಲಚ್ ಕವರಿಗೆ ಹೀಗೆ ಮಾಡಿದ ಪ್ಯಾಕಿಂಗ್ ಬಹುಮಟ್ಟಿಗೆ ಊರು ಸೇರಿಸುತ್ತದೆ, ಆದರೆ ಬ್ಲಾಕಿನ ಕೆಳಗಿನ ಪ್ಯಾಕಿಂಗಿನ ದಪ್ಪ ಬದಲಾದರೆ ಪಿಸ್ಟನ್ ಮತ್ತು ವಾಲ್ವುಗಳ ನಡುವಿನ ಅಂತರವೇ ಬದಲಾಗುವುದರಿಂದ ಅಲ್ಲಿ ಈ ಪ್ರಯೋಗ ಸಲ್ಲದು. ಸಣ್ಣ ಬಿರುಕಿಗೆ ಎಪಾಕ್ಸಿ ಪುಟ್ಟಿ ಹಚ್ಚುವಾಗ ಲೋಹದ ಮೈ ಪೂರ್ತಿ ಜಿಡ್ಡು ಬಿಟ್ಟು ಒರಟಾಗಿರಬೇಕು, ಹಚ್ಚಿದ ಮೇಲೆ ಅದು ಗಟ್ಟಿಯಾಗುವವರೆಗೆ ತಾಳ್ಮೆಯಿಂದ ಕಾಯಬೇಕು. ಸೋರುತ್ತಿರುವ ಎಣ್ಣೆಯ ಮೇಲೆಯೇ ಮೆತ್ತಿದರೆ ಅದು ಹತ್ತು ಕಿಲೋಮೀಟರಿನೊಳಗೆ ಕಳಚಿಬೀಳುತ್ತದೆ. ಪೆಟ್ರೋಲ್ ಟ್ಯಾಂಕಿನ ಸೂಜಿತೂತಿಗೆ ಬಟ್ಟೆ ಸೋಪು ಒತ್ತುವ ಹಳೆಯ ಉಪಾಯ ಕಾದ ಎಂಜಿನ್ನಿನಲ್ಲಿ ನಡೆಯುವುದಿಲ್ಲ. ಸಿಲಿಕಾನ್ ಅಂಟನ್ನು ಧಾರಾಳವಾಗಿ ಬಳಿಯುವುದಂತೂ ಅಪಾಯವೇ ಸರಿ. ಒಳಗೆ ಹಿಂಡಿಬಂದ ಅಂಟು ಕಳಚಿ ಎಣ್ಣೆ ಪಂಪಿನ ಜರಡಿಯನ್ನು ಮುಚ್ಚಿದರೆ ಹೊರಗಿನ ಸೋರಿಕೆ ನಿಂತು ಒಳಗೆ ಎಂಜಿನ್ ಒಣಗುತ್ತದೆ.

ಕಡಿಮೆಯಾದ ಎಣ್ಣೆಯನ್ನು ತುಂಬುವಾಗ ಬೈಕಿಗೆಂದೇ ತಯಾರಾದ, ಡಬ್ಬಿಯ ಮೇಲೆ 4ಟಿ ಎಂದೂ ಜಾಸೊ ಎಂಎ ಅಥವಾ ಎಂಎ2 ಎಂದೂ ಬರೆದ ಎಣ್ಣೆಗೆ ಮೊದಲ ಆದ್ಯತೆ. ಜಾಸೊ ಎಂಬುದು ಜಪಾನಿನ ವಾಹನ ಮಾನದಂಡ ಸಂಸ್ಥೆ; ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಜಾರದಂತೆ ಎಣ್ಣೆಗೆ ಇರಬೇಕಾದ ಗುಣವನ್ನು ಅದರ ಈ ದರ್ಜೆಗಳು ಹೇಳುತ್ತವೆ. ಕೈಪಿಡಿ ಹೇಳುವ ದರ್ಜೆ ಸಿಗದೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಾತ್ರ ಸಿಕ್ಕರೆ ಅದನ್ನು ಬೆರೆಸಿ ಊರು ಸೇರಬಹುದು. ಖನಿಜ ಎಣ್ಣೆಯನ್ನು ಸಿಂಥೆಟಿಕ್ ಜೊತೆ ಬೆರೆಸಿದೊಡನೆ ಎಂಜಿನ್ ಕೆಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಏನೂ ಸಿಗದ ಸ್ಥಿತಿಯಲ್ಲಿ ಟ್ರ್ಯಾಕ್ಟರಿನ 15ಡಬ್ಲ್ಯು-40 ಡೀಸೆಲ್ ಎಂಜಿನ್ ಎಣ್ಣೆ ಕೂಡ ಒಣ ಎಂಜಿನ್ನಿಗಿಂತ ಎಷ್ಟೋ ಮೇಲು, ಊರು ಸೇರಿದ ಕೂಡಲೇ ಅದನ್ನು ಪೂರ್ತಿ ಬದಲಿಸಬೇಕಷ್ಟೆ. ತೆಗೆದ ಹಳೆಯ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕೆರೆ ತುಂಬುವುದೇ ಅಪರೂಪವಾದ ಈ ಸೀಮೆಯಲ್ಲಿ ಅದನ್ನು ಹಳ್ಳಕ್ಕೋ ರಸ್ತೆಬದಿಗೋ ಸುರಿಯದೆ ಡಬ್ಬಿಗೆ ತುಂಬಿ ವರ್ಕ್‌ಶಾಪಿಗೆ ಒಪ್ಪಿಸುವುದು ಪ್ರವಾಸಿಯ ಕನಿಷ್ಠ ಋಣ.

ಸೋರಿಕೆಯನ್ನು ಹೊತ್ತುಕೊಂಡೇ ಗಿರಿ ಏರುವ ಯೋಚನೆಯನ್ನು ಮಾತ್ರ ಬಿಡಬೇಕು. ಏರಿನಲ್ಲಿ ಎಂಜಿನ್ ಹೆಚ್ಚು ಕಾದು ಎಣ್ಣೆ ತೆಳುವಾಗುವುದರಿಂದ ಬಯಲಿನಲ್ಲಿ ಅಳೆದ ಸೋರಿಕೆಯ ವೇಗ ಅಲ್ಲಿ ಅನ್ವಯಿಸುವುದಿಲ್ಲ, ತಿರುವುಗಳಲ್ಲಿ ಟೈರಿನ ಹಿಡಿತ ತಪ್ಪಿದರೆ ಸಾವರಿಸಿಕೊಳ್ಳಲು ಬಯಲಿನಷ್ಟು ಅವಕಾಶವೂ ಸಿಗುವುದಿಲ್ಲ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಎಂಜಿನ್ನಿನ ಬಿಗಿತದಲ್ಲಿ ಇಳಿಯುವಾಗ ಸೈಲೆನ್ಸರಿನಿಂದ ನೀಲಿ ಹೊಗೆ ಕಂಡರೆ ಎಣ್ಣೆ ವಾಲ್ವಿನ ಸೀಲುಗಳ ಮೂಲಕ ಒಳಗೂ ಹೋಗುತ್ತಿದೆಯೆಂದು ತಿಳಿದು, ಹೊರಗಿನ ಹನಿಗಳಷ್ಟನ್ನೇ ಲೆಕ್ಕ ಹಾಕದೆ ಮಟ್ಟವನ್ನು ಇನ್ನೂ ಬೇಗ ಬೇಗ ನೋಡಬೇಕು. ಓಡಿಸಲಾಗದ ಬೈಕನ್ನು ಲಗೇಜ್ ಆಟೊ ಅಥವಾ ಪಿಕಪ್‌ನಲ್ಲಿ ನೇರವಾಗಿ ನಿಲ್ಲಿಸಿ ಹಗ್ಗ ಬಿಗಿದು ಕಡೂರಿಗೆ ಒಯ್ಯಬಹುದು. ಅಲ್ಲಿಂದ ಮುಂದೆ ದೂರದ ಊರಿಗೆ ಕಳಿಸುವುದಾದರೆ ಪಾರ್ಸೆಲ್ ಸೌಲಭ್ಯವಿರುವ ರೈಲು ನಿಲ್ದಾಣದಲ್ಲಿ, ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆದು, ನೋಂದಣಿ ಪತ್ರದ ಪ್ರತಿಯೊಡನೆ ಒಪ್ಪಿಸಬೇಕಾಗುತ್ತದೆ. ವರ್ಕ್‌ಶಾಪ್ ತಲುಪಿದಾಗ ತೊಳೆಯುವ ಮುಂಚೆ ತೆಗೆದ ಚಿತ್ರಗಳು, ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಹಾಕಲಾಯಿತೆಂಬ ಲೆಕ್ಕ, ಕಾದಾಗ ಹೆಚ್ಚೋ ನಿಂತಾಗ ಹೆಚ್ಚೋ ಎಂಬ ಗಮನಿಕೆ ಮತ್ತು ದಾರಿಯಲ್ಲಿ ಎಲ್ಲೆಲ್ಲಿ ಅಂಟು ಹಚ್ಚಲಾಗಿದೆಯೆಂಬ ಮಾಹಿತಿ, ಈ ನಾಲ್ಕನ್ನೂ ಮೆಕ್ಯಾನಿಕ್‌ಗೆ ಕೊಟ್ಟರೆ ಅವನು ಎಂಜಿನ್ನನ್ನು ಅನುಮಾನದ ಮೇಲೆ ಪೂರ್ತಿ ಬಿಚ್ಚದೆ, ಸೋತಿರುವ ಒಂದು ಸೀಲನ್ನೋ ಪ್ಯಾಕಿಂಗನ್ನೋ ಬದಲಿಸಿ ಕೆಲಸ ಮುಗಿಸಬಲ್ಲ.